ಗಾಲ್ಫ್ ಐರನ್‌ನಲ್ಲಿ ಗ್ರಿಪ್ ಕೆಳಗೆ ಹಿಡಿದರೆ ಚೆಂಡು ಎಡಕ್ಕೆ ಹೋಗುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ 8 ಐರನ್ (ಲೋಹದ ತಲೆಯ ಗಾಲ್ಫ್ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು) ಪೂರ್ತಿ ಸ್ವಿಂಗ್‌ಗೆ ಸುಮಾರು 140 ಗಜ ಹೋಗುತ್ತದೆ, 9 ಐರನ್ 128. ನಡುವಿನ 134 ಗಜಕ್ಕೆ ಏನು ಮಾಡಬೇಕು ಅನ್ನೋದೇ ತಲೆನೋವು. ಸ್ವಿಂಗ್ ನಿಧಾನ ಮಾಡಿ ನೋಡಿದೆ, ಕ್ಲಬ್ ಚೆಂಡಿಗಿಂತ ಮೊದಲು ನೆಲಕ್ಕೇ ಬೀಳುತ್ತದೆ.

ಅದಕ್ಕೇ ಈಗ 8 ಐರನ್ ಅನ್ನು ಒಂದು ಇಂಚು ಕೆಳಗೆ ಹಿಡಿದು, ಅದೇ ಸ್ವಿಂಗ್ ಮಾಡುತ್ತಿದ್ದೇನೆ. ಕ್ಲಬ್ ಗಿಡ್ಡವಾದಷ್ಟು ತಲೆಯ ವೇಗ ಕಡಿಮೆ, ದೂರವೂ ಕಡಿಮೆ, ಅಷ್ಟು ಅರ್ಥವಾಗಿದೆ. ದೂರ ನಿಜವಾಗಿಯೂ ಐದಾರು ಗಜ ಇಳಿದಿದೆ, ಖುಷಿಯಾಯಿತು. ಆದರೆ ಹತ್ತರಲ್ಲಿ ನಾಲ್ಕು ಚೆಂಡು ಎಡಕ್ಕೆ ತಿರುಗಿ ಬೀಳುತ್ತಿವೆ (ನಾನು ಬಲಗೈ ಆಟಗಾರ).

ಗ್ರಿಪ್ (ಕ್ಲಬ್ ಹಿಡಿಯ ಮೇಲಿನ ಹೊದಿಕೆ) ಕೆಳಗೆ ಹೋದಂತೆ ಸಣ್ಣಗಾಗುತ್ತದೆ ಅಲ್ವಾ, ಬೆರಳು ಅಂಗೈಗೆ ಒತ್ತಿಕೊಂಡು ಮಣಿಕಟ್ಟು ಬೇಗ ತಿರುಗುತ್ತಿದೆ ಅನಿಸುತ್ತದೆ. ಕ್ಲಬ್ ತಲೆಯೂ ಹಗುರ ಅನಿಸಿ ಕೈ ಜಾಸ್ತಿ ಓಡುತ್ತದೆ.

ಚೆಂಡಿಗೆ ಇನ್ನೂ ಹತ್ತಿರ ನಿಲ್ಲಬೇಕಾ? ಚೆಂಡಿನ ಜಾಗ ಬದಲಿಸಬೇಕಾ? ಕೆಳಭಾಗದಲ್ಲಿ ಗ್ರಿಪ್ ಒಳಗೆ ಟೇಪ್ ಸುತ್ತಿ ದಪ್ಪ ಮಾಡಿಕೊಂಡವರು ಇದ್ದೀರಾ, ಅದರಿಂದ ಕೈ ಸುಮ್ನಾಯಿತಾ? ಅರ್ಧ ಇಂಚು, ಒಂದು ಇಂಚು, ಒಂದೂವರೆ ಇಂಚಿಗೆ ನಿಮಗೆ ಎಷ್ಟೆಷ್ಟು ಗಜ ಇಳಿಯುತ್ತದೆ ಅಂತಲೂ ದಯವಿಟ್ಟು ತಿಳಿಸಿ.