ಪಿಎಚ್‌ಕ್ಯೂ-ಎ: ಅಲ್ಪಸಂಖ್ಯಾತ ಸಮುದಾಯದ ಮಕ್ಕಳ ಅಂಕ ಕಮ್ಮಿ ಬರ್ತಿದೆ, ಕಟ್-ಆಫ್ ಇಳಿಸಬಹುದಾ?

ಮೂರನೇವರ್ಷ_ಪಿಎಚ್‌ಡಿ
ಕ್ಲಿನಿಕಲ್ ಸೈಕಾಲಜಿಯಲ್ಲಿ ಸಂಶೋಧನೆ. ಶಾಲೆಯ ಭಾಷೆ ಬೇರೆ, ಮನೆಮಾತು ಬೇರೆ ಇರುವ ಒಂದು ಸಣ್ಣ ಸಮುದಾಯದ 13ರಿಂದ 17 ವಯಸ್ಸಿನವರಲ್ಲಿ ಖಿನ್ನತೆ ಗುರುತಿಸುವುದು, ಆಮೇಲೆ ಕೆಲವೇ ಸೆಷನ್‌ಗಳ ಬಿಹೇವಿಯರಲ್ ಆಕ್ಟಿವೇಶನ್ (ದಿನದ ಚಟುವಟಿಕೆಗಳ ಮೂಲಕ ಖಿನ್ನತೆ ತಗ್ಗಿಸುವ ಮಾತಿನ ಚಿಕಿತ್ಸೆ) ಕೊಡುವುದು ಉದ್ದೇಶ. ಪಿಎಚ್‌ಕ್ಯೂ-ಎ (ಹದಿಹರೆಯದವರ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ) ಪ್ರಶ್ನಾವಳಿಯನ್ನು ಇಬ್ಬರು ಅವರ ಮನೆಮಾತಿಗೆ ಅನುವಾದಿಸಿದರು, ಮೂರನೆಯವರು ವಾಪಸ್ ಅನುವಾದಿಸಿದರು, ಮೂಲಕ್ಕೆ ಚೆನ್ನಾಗಿ ಹೊಂದುತ್ತದೆ. ಪೈಲಟ್‌ನಲ್ಲಿ ಗುಂಪಿಗೆ 60 ಮಕ್ಕಳು. ಈ ಸಮುದಾಯದ ಸರಾಸರಿ ಅಂಕ ಬಹುಸಂಖ್ಯಾತರಿಗಿಂತ ಕಡಿಮೆ ಬಂದಿದೆ, ಆದರೆ ಎದುರು ಕೂರಿಸಿ ಮಾತಾಡಿಸಿದರೆ ಚಿತ್ರವೇ ಬೇರೆ. ಕಟ್-ಆಫ್ (ಇಷ್ಟು ಅಂಕ ಮುಟ್ಟಿದರೆ ಖಿನ್ನತೆ ಇರಬಹುದು ಅನ್ನುವ ಗೆರೆ) 10ರ ಬದಲು 8 ಇಟ್ಟರೆ ಸರಿಹೋಗುತ್ತದಾ? ಇನ್ನೊಂದು: ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಗ್ಗೆ ಕೇಳುವ 9ನೇ ಪ್ರಶ್ನೆಗೆ ಬಹುತೇಕ ಎಲ್ಲರೂ ‘ಇಲ್ಲವೇ ಇಲ್ಲ’ ಅಂತ ಗುರುತು ಹಾಕಿದ್ದಾರೆ. ಗೈಡ್ ಅದನ್ನು ಕೈಬಿಡಿ ಅಂತಿದ್ದಾರೆ.

ಪದಪರೀಕ್ಷಕ
ಕಟ್-ಆಫ್ ಸದ್ಯಕ್ಕೆ ಮುಟ್ಟಬೇಡಿ. ವಾಪಸ್ ಅನುವಾದ ಮೂಲಕ್ಕೆ ಹೊಂದಿದರೆ ಅನುವಾದಕರು ಜಾಣರು ಅಂತಷ್ಟೇ ಗೊತ್ತಾಗೋದು. ಓದಿದ ಹುಡುಗಿಗೆ ಏನು ಅರ್ಥವಾಯಿತು ಅಂತ ತಿಳಿಯಲು ಕಾಗ್ನಿಟಿವ್ ಇಂಟರ್‌ವ್ಯೂ ಮಾಡಲೇಬೇಕು. ಒಂದು ಸುತ್ತಿಗೆ 5–8 ಮಕ್ಕಳು, ತಿದ್ದುಪಡಿ, ಮತ್ತೆ ಹೊಸ ಮಕ್ಕಳೊಂದಿಗೆ ಇನ್ನೊಂದು ಸುತ್ತು. ಹೊಸ ತೊಡಕು ಬರುವುದು ನಿಂತಾಗ ನಿಲ್ಲಿಸಿ, ಸಾಮಾನ್ಯವಾಗಿ ಎರಡು ಮೂರು ಸುತ್ತಿಗೆ ಮುಗಿಯುತ್ತದೆ. ಪ್ರತಿ ಪ್ರಶ್ನೆಗೂ ಮೂರು ಮಾತು ಕೇಳಿ: ಇದನ್ನು ನಿನ್ನ ಮಾತಲ್ಲಿ ಹೇಳು, ಯಾವ ದಿನಗಳನ್ನು ಲೆಕ್ಕ ಹಾಕಿದೆ, ಈ ಉತ್ತರವನ್ನೇ ಯಾಕೆ ಆರಿಸಿದೆ.

ಮೊದಲು ಉತ್ತರದ ಆಯ್ಕೆಗಳನ್ನೇ ನೋಡಿ. ಎಲ್ಲರೂ ಪ್ರಶ್ನೆಯ ಪದಗಳ ಬೆನ್ನು ಬೀಳುತ್ತಾರೆ, ಏಟು ಬೀಳೋದು ಇಲ್ಲಿ. 1 ಅಂಕದ ಆಯ್ಕೆ ‘ಅಲ್ಲೊಂದು ಇಲ್ಲೊಂದು ದಿನ’ ಅನ್ನುವ ಭಾವದ್ದು, 2 ಅಂಕದ್ದು ‘ಅರ್ಧಕ್ಕಿಂತ ಹೆಚ್ಚು ದಿನ’. ನಮ್ಮ ಕನ್ನಡದಲ್ಲೇ ಮೊದಲಿನದನ್ನು ‘ಹಲವು ದಿನ’ ಅಂತ ಬರೆದು ನೋಡಿ. ಎರಡು ವಾರದಲ್ಲಿ ಒಂಬತ್ತು ದಿನ ಬೇಸರದಲ್ಲಿದ್ದ ಹುಡುಗ ‘ಒಂಬತ್ತು ಅಂದ್ರೆ ಹಲವು ತಾನೆ’ ಅಂತ ಅಲ್ಲೇ ಗುರುತು ಹಾಕುತ್ತಾನೆ. 2 ಬರಬೇಕಾದಲ್ಲಿ 1 ಬಂತು. ಇದೇ ಆಯ್ಕೆ ಒಂಬತ್ತೂ ಪ್ರಶ್ನೆಗಳಿಗೆ ಇದೆ, ಅಂದಮೇಲೆ ಒಟ್ಟು ಅಂಕ ಎಷ್ಟು ಕುಸಿಯಬಹುದು ನೀವೇ ಲೆಕ್ಕ ಹಾಕಿ. ದಿನಗಳ ಸಂಖ್ಯೆಯನ್ನು ಆಯ್ಕೆಯ ಪಕ್ಕದಲ್ಲೇ ಬರೆದರೆ ಗೊಂದಲ ಹೋಗುತ್ತದೆ. ಆದರೆ ಬರೆಯುವುದಾದರೆ ಎರಡೂ ಭಾಷೆಯ ಪ್ರತಿಗಳಲ್ಲಿ ಬರೆಯಬೇಕು.

ಪಿಎಚ್‌ಕ್ಯೂ-ಎ ಹೆಸರಲ್ಲಿ ಓಡಾಡುವ ಪ್ರತಿಗಳಲ್ಲಿ ಕೆಲವು ‘ಕಳೆದ 7 ದಿನ’ ಅನ್ನುತ್ತವೆ, ಕೆಲವು ‘ಕಳೆದ 2 ವಾರ’. ಎರಡು ಗುಂಪಿಗೂ ಒಂದೇ ಪ್ರತಿಯಿಂದ ಅನುವಾದ ಆಗಿದೆಯಾ ಅಂತ ಇವತ್ತೇ ನೋಡಿಕೊಳ್ಳಿ.

ಅಂಕಿಅಂಶ_ಬಳಗ
60+60ರಲ್ಲಿ ಅಳತೆಯ ಸಮಾನತೆ (ಪ್ರಶ್ನಾವಳಿ ಎರಡೂ ಗುಂಪಿನಲ್ಲಿ ಒಂದೇ ರೀತಿ ಅಳೆಯುತ್ತದಾ ಅನ್ನುವುದು) ಪರೀಕ್ಷಿಸಲು ಆಗೋದಿಲ್ಲ. ಗುಂಪಿಗೆ ಸುಮಾರು 200 ಇಟ್ಟುಕೊಳ್ಳಿ. ಕ್ರಮ ಇಷ್ಟು: ಮೊದಲು ಎರಡೂ ಗುಂಪಿನಲ್ಲಿ ಒಂದೇ ಅಂಶದ ರಚನೆ (ಎಲ್ಲ ಪ್ರಶ್ನೆಗಳೂ ಖಿನ್ನತೆ ಒಂದನ್ನೇ ಅಳೆಯುವುದು) ಕೂರುತ್ತದಾ ನೋಡಿ, ಆಮೇಲೆ ಲೋಡಿಂಗ್ (ಪ್ರತಿ ಪ್ರಶ್ನೆಗೂ ಖಿನ್ನತೆಗೂ ನಂಟು ಎಷ್ಟು ಗಟ್ಟಿ) ಸಮ, ಕೊನೆಗೆ ಥ್ರೆಶೋಲ್ಡ್ (ಖಿನ್ನತೆ ಎಷ್ಟಾದಾಗ ಉತ್ತರ ಮುಂದಿನ ಆಯ್ಕೆಗೆ ಏರುತ್ತದೆ) ಸಮ. ಕೊನೆಯದು ನಿಲ್ಲದೆ ಸರಾಸರಿ ಹೋಲಿಸಿದರೆ ಎರಡು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿ ಯಾವುದು ಹಗುರ ಅಂತ ಹೇಳಿದ ಹಾಗೆ.

ಉತ್ತರಗಳು 0–3 ಅಷ್ಟೇ ಇರುವುದರಿಂದ ಅವನ್ನು ನಿರಂತರ ಸಂಖ್ಯೆ ಅಂತ ತಗೊಳ್ಳದೆ ಡಬ್ಲ್ಯುಎಲ್‌ಎಸ್‌ಎಂವಿ (ಹೀಗೆ ಮೆಟ್ಟಿಲು ಮೆಟ್ಟಿಲಾದ ಉತ್ತರಗಳಿಗೆ ಹೊಂದುವ ಲೆಕ್ಕದ ವಿಧಾನ) ಬಳಸಿ. ಆದರೆ ‘ಸಿಎಫ್‌ಐ 0.01ಕ್ಕಿಂತ ಹೆಚ್ಚು ಇಳಿಯಬಾರದು’ ಅನ್ನುವ ನಿಯಮ (ಸಿಎಫ್‌ಐ ಅಂದರೆ ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಅನ್ನುವ ಸೂಚ್ಯಂಕ) ಹುಟ್ಟಿದ್ದು ಮ್ಯಾಕ್ಸಿಮಮ್ ಲೈಕ್ಲಿಹುಡ್ ಅನ್ನುವ ಬೇರೊಂದು ವಿಧಾನದ ಲೆಕ್ಕಕ್ಕೆ, ಇಲ್ಲಿ ಕಣ್ಣು ಮುಚ್ಚಿ ಹಾಕಬೇಡಿ. 9ನೇ ಪ್ರಶ್ನೆಯಲ್ಲಿ ಒಂದು ಗುಂಪಿನವರು ಯಾರೂ 3 ಆರಿಸದಿದ್ದರೆ ಮಾದರಿ ಅಲ್ಲೇ ಮುರಿದು ಬೀಳುತ್ತದೆ. ಆಗ 2 ಮತ್ತು 3ನ್ನು ಎರಡೂ ಗುಂಪಿನಲ್ಲಿ ಒಂದೇ ಮಾಡಿ, ಒಂದರಲ್ಲಿ ಮಾತ್ರ ಅಲ್ಲ.

8ರ ವಿಷಯ: ಕಟ್-ಆಫ್ ಬದಲಿಸಬೇಕಾದರೆ ಅಂಕ ಗೊತ್ತಿಲ್ಲದ ತಜ್ಞರು ರಚನಾಬದ್ಧ ಸಂದರ್ಶನ ಮಾಡಿರಬೇಕು. ಕಡಿಮೆ ಅಂಕದವರಲ್ಲೂ ಒಂದು ಭಾಗವನ್ನು ಸಂದರ್ಶಿಸಿರಬೇಕು, ಇಲ್ಲದಿದ್ದರೆ ತಪ್ಪಿಸಿಕೊಂಡವರು ಎಷ್ಟು ಮಂದಿ ಅಂತ ತಿಳಿಯೋದೇ ಇಲ್ಲ.

ಓಪಿಡಿ_ಕೊಠಡಿ
9ನೇ ಪ್ರಶ್ನೆ ತೆಗೆಯುವ ಮಾತು ಬೇಡ. ಫಾರ್ಮ್ ಎಲ್ಲಿ ತುಂಬಿಸಿದಿರಿ, ಯಾರು ವಾಪಸ್ ತಗೊಂಡರು?

ಮೂರನೇವರ್ಷ_ಪಿಎಚ್‌ಡಿ
ತರಗತಿಯಲ್ಲೇ. ಮೇಷ್ಟ್ರು ಹಂಚಿ ವಾಪಸ್ ತಗೊಂಡರು. ಮೇಲ್ಗಡೆ ರೋಲ್ ನಂಬರ್ ಇತ್ತು.

ಓಪಿಡಿ_ಕೊಠಡಿ
ಹಾಗಾದರೆ ‘ಇಲ್ಲವೇ ಇಲ್ಲ’ ಬಂದದ್ದರಲ್ಲಿ ಆಶ್ಚರ್ಯವೇನು? ಪಕ್ಕದವನು ಇಣುಕುತ್ತಾನೆ, ಮೇಷ್ಟ್ರು ಓದುತ್ತಾರೆ, ರೋಲ್ ನಂಬರ್‌ನಿಂದ ಸುದ್ದಿ ಮನೆಗೆ ಮುಟ್ಟುತ್ತದೆ. ಸಮುದಾಯ ಸಣ್ಣದಾದಷ್ಟೂ ಆ ಭಯ ದೊಡ್ಡದು. ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ ಕೂರಿಸಿ, ಸಂಕೇತ ಸಂಖ್ಯೆ ಕೊಡಿ, ಹೆಸರಿನ ಪಟ್ಟಿ ಬೇರೆ ಬೀಗದಲ್ಲಿರಲಿ. ಗುಟ್ಟು ಎಲ್ಲಿಯವರೆಗೆ ಉಳಿಯುತ್ತದೆ, ಜೀವಕ್ಕೆ ಅಪಾಯ ಕಂಡರೆ ಯಾರಿಗೆ ತಿಳಿಸುತ್ತೀರಿ ಅನ್ನುವುದನ್ನು ಫಾರ್ಮ್ ಕೊಡುವ ಮೊದಲೇ ಮಗುವಿನ ಭಾಷೆಯಲ್ಲಿ ಹೇಳಿ. ಪೋಷಕರ ಒಪ್ಪಿಗೆ ಸಿಕ್ಕರೂ ಮಗುವಿನ ಒಪ್ಪಿಗೆ ಪ್ರತ್ಯೇಕವಾಗಿ ಬೇಕು.

ಪೈಲಟ್‌ನಲ್ಲಿ ‘ಹೌದು’ ಅಂದ ಆ ಕೆಲವರ ಫಾರ್ಮ್ ಯಾರಾದರೂ ಅವತ್ತೇ ನೋಡಿದ್ದಾರಾ? ಇಲ್ಲದಿದ್ದರೆ ಮಿಕ್ಕದ್ದೆಲ್ಲ ಆಮೇಲೆ, ಮೊದಲು ಅವರನ್ನು ಕಾಣಿ. ಮುಂದಕ್ಕೂ ನಿಯಮ ಅದೇ: 9ರಲ್ಲಿ 1 ಬಂದರೂ ಮಗು ಮನೆಗೆ ಹೋಗುವ ಮುಂಚೆ ತರಬೇತಾದವರೊಬ್ಬರು ಮಾತಾಡಬೇಕು. ಅದಕ್ಕೆ ಎಎಸ್‌ಕ್ಯೂ (ಆತ್ಮಹತ್ಯೆಯ ಅಪಾಯ ಗುರುತಿಸುವ ಚಿಕ್ಕ ಪ್ರಶ್ನಾವಳಿ) ಸಾಕು: ನಾಲ್ಕು ಪ್ರಶ್ನೆ, ಯಾವುದಕ್ಕಾದರೂ ಹೌದು ಅಂದರೆ ‘ಈಗಲೂ ಆ ಯೋಚನೆ ಇದೆಯಾ’ ಅನ್ನುವ ಐದನೆಯದು. ಐದನೆಯದಕ್ಕೂ ಹೌದು ಅಂದರೆ ಒಂಟಿಯಾಗಿ ಬಿಡದೆ ಅಲ್ಲೇ ಪೂರ್ಣ ತಪಾಸಣೆ. ಆ ದಿನ ಕರ್ತವ್ಯದಲ್ಲಿರುವವರ ಹೆಸರು, ಫೋನ್ ನಂಬರ್ ಪ್ರೋಟೋಕಾಲ್‌ನಲ್ಲಿ ಬರೆದಿರಲಿ. ‘ಸೂಕ್ತ ಕಡೆಗೆ ಕಳಿಸಲಾಗುವುದು’ ಅಂತ ಬರೆದು ಕೈತೊಳೆದುಕೊಂಡರೆ ಎಥಿಕ್ಸ್ ಸಮಿತಿ ಒಪ್ಪಬಾರದು, ಒಪ್ಪುತ್ತದೆ ಅನ್ನೋದು ಬೇರೆ ಮಾತು. ದುಭಾಷಿಯಾಗಿ ಅಕ್ಕ, ತಮ್ಮ, ಸಂಬಂಧಿಕರು ಯಾರೂ ಬೇಡ.

ಪದಪರೀಕ್ಷಕ
ಚಿಕಿತ್ಸೆಯ ಕಡೆಯೂ ಎರಡು ಮಾತು. ಬರ್ನಲ್ ಮತ್ತು ಸಂಗಡಿಗರು ಚಿಕಿತ್ಸೆಯನ್ನು ಒಂದು ಸಂಸ್ಕೃತಿಗೆ ಒಗ್ಗಿಸಲು 1995ರಲ್ಲಿ ಕೊಟ್ಟ ಎಂಟು ಆಯಾಮಗಳು ಇವೆಯಲ್ಲ (ಭಾಷೆ, ವ್ಯಕ್ತಿಗಳು, ರೂಪಕ, ವಿಷಯ, ಪರಿಕಲ್ಪನೆ, ಗುರಿ, ವಿಧಾನ, ಸಂದರ್ಭ), ಹೆಚ್ಚಿನವರು ಮೊದಲ ಮೂರಕ್ಕೆ ಬಣ್ಣ ಹಚ್ಚಿ ಮುಗಿಸುತ್ತಾರೆ. ಬಿಹೇವಿಯರಲ್ ಆಕ್ಟಿವೇಶನ್‌ನಲ್ಲಿ ಎಡವುವುದು ‘ಗುರಿ’ಯಲ್ಲಿ. ‘ನಿನಗೆ ಖುಷಿ ಕೊಡುವ ಕೆಲಸ ಬರೆ’ ಅಂದರೆ, ಶಾಲೆ ಬಿಟ್ಟ ಮೇಲೆ ತಂಗಿಯನ್ನು ನೋಡಿಕೊಳ್ಳುವ ಹುಡುಗಿಯ ಹಾಳೆ ಖಾಲಿ ವಾಪಸ್ ಬರುತ್ತದೆ. ಅದನ್ನು ‘ಸಹಕಾರವಿಲ್ಲ’ ಅಂತ ದಾಖಲಿಸಬೇಡಿ. ಅವಳ ದಿನದಲ್ಲಿ ಈಗಾಗಲೇ ಇರುವ ಕೆಲಸಗಳನ್ನೇ ಗಂಟೆವಾರು ಬರೆಸಿ, ಪ್ರತಿಯೊಂದರ ಮುಂದೆ ಮನಸ್ಸಿನ ಸ್ಥಿತಿಗೆ 0–10 ಅಂಕ ಹಾಕಿಸಿ. 2 ಇದ್ದದ್ದು 4 ಆಗುವ ಗಳಿಗೆ ಯಾವುದಾದರೂ ಸಿಕ್ಕೇ ಸಿಗುತ್ತದೆ, ಅಲ್ಲಿಂದ ಹಿಡಿಯಿರಿ. ಚಟುವಟಿಕೆಗೂ ಮನಸ್ಸಿಗೂ ಇರುವ ನಂಟನ್ನು ಗಮನಿಸುವುದು, ಮುಂದಿನ ವಾರಕ್ಕೆ ಚಟುವಟಿಕೆ ಗೊತ್ತುಮಾಡುವುದು, ಇವೆರಡನ್ನು ಮಾತ್ರ ಬದಲಿಸಬೇಡಿ. ಬದಲಿಸಿದ ಉಳಿದದ್ದನ್ನೆಲ್ಲ ಯಾವಾಗ, ಯಾರು, ಯಾಕೆ ಅಂತ ಆಗಿಂದಾಗಲೇ ಬರೆದಿಡಿ. ವೈವಾದಲ್ಲಿ ಕೇಳುವುದು ಅದನ್ನೇ.