ಅಪ್‌ಡೇಟ್: ಪೊನ್ನಂಪೇಟೆ ಹಾಸ್ಟೆಲ್‌ಗೆ ಕೊನೆಗೆ ಏನೇನು ತಂದೆ

ಕೊಡಗಿನ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಹಾಸ್ಟೆಲ್‌ಗೆ ಗದಗದಿಂದ ಏನೇನು ಒಯ್ಯಲಿ ಎಂದು ಕೇಳಿದ್ದೆ. ಬಂದು ಮೂರು ವಾರವಾಯಿತು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

"ಜೀನ್ಸ್ ಬೇಡ, ಬೇಗ ಒಣಗುವ ಬಟ್ಟೆ ತನ್ನಿ" ಎಂದವರ ಮಾತು ನೂರಕ್ಕೆ ನೂರು ನಿಜ. ಒಂದೇ ಒಂದು ಜೀನ್ಸ್ ತಂದಿದ್ದೆ. ಒಗೆದು ಐದು ದಿನವಾದರೂ ಸೊಂಟಪಟ್ಟಿ ತೇವ. ನಮ್ಮೂರಿನಲ್ಲಾದರೆ ಮಧ್ಯಾಹ್ನದೊಳಗೆ ಗರಿಗರಿಯಾಗುತ್ತಿತ್ತು. ಕಾಲುಚೀಲ ಎಂಟು ಜೊತೆಯಾದರೂ ಇರಲಿ. ಕೋಣೆಯೊಳಗೆ ಕಟ್ಟಲು ನೈಲಾನ್ ಹಗ್ಗವನ್ನು ಮರೆಯಲೇಬೇಡಿ. ಚರ್ಮದ ಬೆಲ್ಟಿಗೆ ಎರಡನೇ ವಾರವೇ ಬೂಷ್ಟು ಹಿಡಿಯಿತು. ಪ್ಲಾಸ್ಟಿಕ್ ಚೀಲದಲ್ಲಿದ್ದ ಅಂಕಪಟ್ಟಿಗಳು ಉಳಿದವು. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ ಮಾತ್ರ ಮೂರೇ ದಿನಕ್ಕೆ ಮೆತ್ತಗಾಯಿತು. ಬಿಗಿ ಮುಚ್ಚಳದ ಡಬ್ಬಿ ಬೇಕೇಬೇಕು.

ಕೌದಿ ಬೇಡ ಎಂದು ಕೆಲವರು ಹೇಳಿದ್ದಿರಿ. ಅದೊಂದನ್ನು ನಾನು ಕೇಳಲಿಲ್ಲ. ಒಗೆಯಲು ಮಳೆ ನಿಲ್ಲುವವರೆಗೆ ಕಾಯಬೇಕು, ನಿಜ. ಆದರೆ ಅಜ್ಜಿ ಹೊಲಿದದ್ದು. ಇಲ್ಲಿನ ರಾತ್ರಿಗೆ ಅದಕ್ಕಿಂತ ಬೆಚ್ಚನೆಯದು ನನಗೆ ಇನ್ನೊಂದಿಲ್ಲ.

ಗಂಬೂಟು, ಕೊಡೆ ಹೊತ್ತು ತರಬೇಡಿ. ಹತ್ತಿರದ ಗೋಣಿಕೊಪ್ಪಲಿನಲ್ಲಿ ಸಿಗುತ್ತವೆ, ಕಾಫಿ ತೋಟದವರು ಕೊಳ್ಳುವಂಥವೇ ಗಟ್ಟಿ. ಕಾಡಿಗೆ ಹೋಗುವ ದಿನ ಜಿಗಣೆಗೆಂದು ಬಟ್ಟೆಯಲ್ಲಿ ಕಟ್ಟಿದ ಉಪ್ಪು ಜೇಬಿನಲ್ಲಿರಲಿ.