ಮಿಚಿನೊಕು ಕೋಸ್ಟಲ್ ಟ್ರೇಲ್: ನಾಲ್ಕು ದಿನ ಇದೆ, ಯಾವ ಭಾಗ ನಡೀಲಿ?

ಅಲೆದಾರಿ_ಬೆಂಗಳೂರು:
ಎಲ್ರಿಗೂ ನಮಸ್ಕಾರ. ಅಕ್ಟೋಬರ್ ಕೊನೇಲಿ ಆಫೀಸ್ ಕೆಲಸಕ್ಕೆ ಟೋಕಿಯೋಗೆ ಹೋಗ್ತಿದೀನಿ, ಕೆಲಸ ಮುಗಿದ್ಮೇಲೆ ನಾಲ್ಕು ದಿನ ರಜ ಸಿಕ್ಕಿದೆ. ಫ್ಯೂಜಿ, ಕ್ಯೋಟೋ ಈ ಸಲ ಬೇಡ, ಸಮುದ್ರದ ಪಕ್ಕ ನಡೀಬೇಕು ಅಂತ ತುಂಬಾ ಆಸೆ. ಹುಡುಕ್ತಾ ಹುಡುಕ್ತಾ ಈ ಮಿಚಿನೊಕು ಟ್ರೇಲ್ ಸಿಕ್ತು, ಅವೊಮೊರಿಯ ಹಾಚಿನೋಹೆಯಿಂದ ಫುಕುಶಿಮಾದ ಸೋಮಾ ತನಕ 1,000 ಕಿ.ಮೀ.ಗಿಂತ ಜಾಸ್ತಿ ಇದೆಯಂತೆ, ನಂಗೆ ಅದ್ರಲ್ಲಿ ಒಂದು ಚೂರು ಸಾಕು. ನಾನು ಕುಮಾರಪರ್ವತ ಎರಡು ಸಲ ಹತ್ತಿದೀನಿ, ಗೋಕರ್ಣದ ಬೀಚ್ ಟ್ರೆಕ್ಕೂ ಮಾಡಿದೀನಿ, ದಿನಕ್ಕೆ 15 ಕಿ.ಮೀ. ಆರಾಮಾಗಿ ನಡೀತೀನಿ. ಒಬ್ಬಳೇ ಹೋಗ್ತಿರೋದು. ಮೊಟ್ಟೆ ತಿಂತೀನಿ, ಮೀನು ಮಾಂಸ ಇಲ್ಲ. ಯಾವ ಭಾಗ ಆರಿಸ್ಕೊಳ್ಲಿ, ಊಟಕ್ಕೇನು ಮಾಡ್ಲಿ, ಆಮೇಲೆ ಅಲ್ಲಿ ಕರಡಿ ಜಾಸ್ತಿ ಅಂತಾರಲ್ಲ, ಅದು ಎಷ್ಟು ನಿಜ? ನಡೆದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಧಾರವಾಡದಾಂವ_ಸೆಂದಾಯ್:
ನಾ ಸೆಂದಾಯ್‌ನ್ಯಾಗ ಆರು ವರ್ಷದಿಂದ ಅದೀನ್ರಿ ಮೇಡಂ, ಈ ದಾರಿ ತುಂಡು ತುಂಡಾಗಿ ಅರ್ಧಕ್ಕಿಂತ ಜಾಸ್ತಿ ನಡದೇನಿ. ನಾಕ ದಿನಕ್ಕ ನಂದು ಒಂದ ಉತ್ತರ: ಇವಾಟೆ ಪ್ರಾಂತ್ಯದ ಫುದಾಯ್‌ದಿಂದ ತಾನೊಹತ ತನಕ ನಡ್ಕೊಂಡು, ಆಮ್ಯಾಲೆ ರೈಲಿನ್ಯಾಗ ತಾರೊ, ಮಿಯಾಕೊ. ಹಾಚಿನೋಹೆ ಕಡೆ ಶುರುವಿನ ಭಾಗನೂ ಚಂದ ಐತಿ, ತಾನೆಸಾಶಿಯೊಳಗ ಹುಲ್ಲುಗಾವಲು ಸೀದಾ ಸಮುದ್ರದ ತನಕ ಇಳಿತದ, ಕಬುಶಿಮಾ ಗುಡಿ ಸುತ್ತ ಸಾವಿರಗಟ್ಟಲೆ ಸೀಗಲ್ ಗೂಡು ಕಟ್ಟತಾವು, ಆದ್ರ ನೀವು ಬರೋ ಹೊತ್ತಿಗೆ ಆ ಹಕ್ಕಿ ಹಾರಿಹೋಗಿರ್ತಾವ, ಆಗಸ್ಟಿಗೇ ಅವುಗಳ ಸೀಸನ್ ಮುಗೀತದ.

ಫುದಾಯ್-ತಾನೊಹತ ನಡುವಿನ ಕಿತಾಯಾಮಾಝಾಕಿ ಅಂದ್ರ ಸಮುದ್ರಕ್ಕ ನೆಟ್ಟಗ ಇಳಿಯೋ 200 ಮೀಟರ್ ಎತ್ತರದ ಕಡಿಬಂಡೆ, ಹಿಂಗ ಸುಮಾರು 8 ಕಿ.ಮೀ. ಮೇಲೆ ಪೈನ್ ಗಿಡ, ಕೆಳಗ ಬಿಳಿ ನೊರೆ. ವ್ಯೂ ಪಾಯಿಂಟಿಗೆ ಕಾರಿನ್ಯಾಗ ಬಂದು ಫೋಟೋ ತಗೊಂಡು ಹೋಗೋ ಮಂದಿ ಭಾಳ, ಆದ್ರ ಅಲ್ಲಿಂದ ದಕ್ಷಿಣಕ್ಕ ನಡಕೋತ ಹೊಂಟ್ರ ಮೆಟ್ಟಿಲು ಇಳಿದು ಸಮುದ್ರದ ಮಟ್ಟಕ್ಕ ಬರ್ತೀರಿ, ಮತ್ತ ಹತ್ತತೀರಿ, ಮತ್ತ ಇಳಿತೀರಿ, ಅದರಾಗ ಕೈಯಿಂದ ಕೊರೆದ ಸುರಂಗ ಬರ್ತಾವ, ಒಳಗ ಕತ್ತಲಿ, ಹೆಡ್‌ಲ್ಯಾಂಪ್ ಬೇಕೇ ಬೇಕು. ಸುರಂಗ ದಾಟಿ ಹೊರಗ ಬಂದ ಕೂಡ್ಲೆ ಪೆಸಿಫಿಕ್ ಎದುರಿಗೆ ನಿಂತಿರ್ತದ್ರಿ, ನಾ ಮೂರು ಸಲ ಹೋದಾಗೂ ಅಲ್ಲಿ ಅರ್ಧ ತಾಸು ಸುಮ್ನ ಕುಂತೇನಿ.

ಹೋಗೋದು ಹಿಂಗ: ಟೋಕಿಯೋದಿಂದ ಹಾಚಿನೋಹೆಗೆ ಶಿಂಕಾನ್ಸೆನ್ (ಬುಲೆಟ್ ರೈಲು) ಸುಮಾರು 3 ತಾಸು, ಅಲ್ಲಿಂದ ಲೋಕಲ್ ರೈಲಿನ್ಯಾಗ ಕುಜಿ, ಕುಜಿದಿಂದ ಸಾನ್ರಿಕು ರೈಲ್ವೆ ಹಿಡದು ಫುದಾಯ್. ಸಾನ್ರಿಕು ರೈಲ್ವೆ ಜೆಆರ್ (ಜಪಾನ್ ರೈಲ್ವೇಸ್) ಕಂಪನಿದಲ್ಲ, ಜೆಆರ್ ಪಾಸ್ ನಡಿಯಂಗಿಲ್ಲ. ಒಂದೆರಡು ಡಬ್ಬಿ ಗಾಡಿ, ಒಂದು ತಪ್ಪಿದ್ರ ಮುಂದಿನದಕ್ಕ ಭಾಳ ಹೊತ್ತು ಕಾಯ್ಬೇಕಾಗ್ತದ, ಟೈಮ್ ಟೇಬಲ್ ಫೋಟೋ ತೆಗೆದು ಇಟ್ಕೋರಿ.

ಮೈಸೂರ್_ಚಾರಣಿ:
ನಾನು ಹೋದ್ ವರ್ಷ ಇದೇ ಭಾಗ ನಡೆದಿದ್ದೆ ಮೇಡಂ, ಮೇಲೆ ಹೇಳಿರೋ ಸರ್ ಮಾತು ನೂರಕ್ಕೆ ನೂರು ಸರಿ. ನಾನು ಊಟದ ವಿಷ್ಯ ಹೇಳ್ತೀನಿ, ಯಾಕಂದ್ರೆ ಅದರಲ್ಲೇ ಒದ್ದಾಡಿದ್ದು. ಮಿನ್‌ಶುಕು ಅಂತ ಮನೆಯವರೇ ನಡೆಸೋ ಸಣ್ಣ ಲಾಡ್ಜ್ ಇರತ್ತೆ, ರಾತ್ರಿ ಊಟ ಅಂದ್ರೆ ಅವತ್ತು ಹಿಡಿದ ಮೀನು, ಅವರಿಗೆ ಅದೇ ಹೆಮ್ಮೆ. ಮೀನಿಲ್ಲದ ಮಿಸೊ ಸೂಪ್ ಇದ್ಯಲ್ಲ ಅಂತ ಕುಡಿಯೋಕೆ ಹೋದ್ರೆ ಅದರ ತಿಳಿಯಲ್ಲೇ ದಾಶಿ ಇರತ್ತೆ, ಒಣಗಿಸಿದ ಬೊನಿಟೊ ಮೀನಿನ ಸಾರು. ಸೋಬಾ ನೂಡಲ್ಸ್ ಸಾರಲ್ಲೂ ಅದೇ. ಅದಕ್ಕೆ ಬುಕ್ ಮಾಡುವಾಗ್ಲೇ "ಸುದೊಮಾರಿ" ಅಂತ ಕೇಳಿ, ಅಂದ್ರೆ ಊಟ ಇಲ್ದೆ ಬರೀ ರೂಮು. ನಾನು ಇದು ಗೊತ್ತಿಲ್ದೆ ಊಟದ ಸಮೇತ ಬುಕ್ ಮಾಡಿ, ಆ ಅಜ್ಜಿ ಅಷ್ಟು ಪ್ರೀತಿಯಿಂದ ಎಂಟು ಬಟ್ಟಲು ಜೋಡಿಸಿಟ್ಟಾಗ ತಿನ್ನೋಕಾಗ್ದೆ ತುಂಬಾ ಬೇಜಾರಾಯ್ತು.

ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದ್ರೆ ಆಗೋ ಉಪ್ಪಿಟ್ಟಿನ ಪ್ಯಾಕೆಟ್ ತಗೊಂಡ್ಹೋಗಿ, ಹಸಿ ಹಣ್ಣು ಕರಿಬೇವು ಮಾತ್ರ ಬೇಡ, ಏರ್‌ಪೋರ್ಟಲ್ಲಿ ತಡೀತಾರೆ. ಕುಜಿಯಲ್ಲೇ ಕನ್ವೀನಿಯನ್ಸ್ ಸ್ಟೋರಿಂದ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಉಪ್ಪಿನಕಾಯಿ ಥರದ ಉಮೆ ಹಣ್ಣು ಹಾಕಿದ ಅನ್ನದ ಒನಿಗಿರಿ ತುಂಬ್ಕೊಳಿ, ದಾರೀಲಿ ಅಂಗಡಿ ಸಿಗೋದು ಅಪರೂಪ. ಕ್ಯಾಶ್ ಇಟ್ಕೊಳಿ.

ಇನ್ನೊಂದು, ಅಕ್ಟೋಬರ್ ಕೊನೇಲಿ ಅಲ್ಲಿ ನಾಲ್ಕೂವರೆ ಅಷ್ಟೊತ್ತಿಗೆ ಸೂರ್ಯ ಮುಳುಗಿಬಿಡ್ತಾನೆ, ನಮ್ಮೂರಿನ ಲೆಕ್ಕದಲ್ಲಿ ಆರು ಗಂಟೆವರೆಗೂ ನಡೀಬಹುದು ಅಂದ್ಕೋಬೇಡಿ, ಬೆಳಿಗ್ಗೆ ಆರಕ್ಕೇ ಹೊರಡಿ. ಕರಡಿ ನಿಜ. 2025ರಲ್ಲಿ ಇವಾಟೆಯಲ್ಲೇ ಕರಡಿ ದಾಳಿಯಿಂದ ಜನ ಸತ್ತಿದಾರೆ, ನೀವು ಹೋಗೋದು ಅವು ಚಳಿಗಾಲದ ನಿದ್ದೆಗೆ ಮುಂಚೆ ಹೊಟ್ಟೆ ತುಂಬಿಸ್ಕೊಳೋ ಸಮಯ. ಬ್ಯಾಗಿಗೆ ಗಂಟೆ ಕಟ್ಕೊಳಿ, ಬೆಳಗಿನ ಜಾವ ಮುಸ್ಸಂಜೆ ಕಾಡಲ್ಲಿ ಇರಬೇಡಿ, ಹೊರಡೋ ಮುಂಚೆ ಉಳಿದುಕೊಂಡಿರೋ ಮನೆಯವರನ್ನ ಕೇಳಿ. ಅವರು ಇವತ್ತು ಬೇಡ ಅಂದ್ರೆ ರೈಲಲ್ಲಿ ಹೋಗಿ.

ಅಲೆದಾರಿ_ಬೆಂಗಳೂರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಎಲ್ಲೂ ಸಿಕ್ಕಿರ್ಲಿಲ್ಲ. ಒಂದು ವಿಷ್ಯ ಕೇಳ್ಬೇಕು. ಇದು 2011ರ ಸುನಾಮಿ ಬಂದ ಕರಾವಳಿ ಅಲ್ವಾ. ತಾರೊ ನೋಡಿ ಅಂತ ಸರ್ ಹೇಳಿದ್ರಿ, ಅಲ್ಲಿ ಮುರಿದ ಹೋಟೆಲ್ ಕಟ್ಟಡ ಹಾಗೇ ಉಳಿಸಿದಾರೆ ಅಂತ ಓದಿದೆ. ಜನ ಸತ್ತ ಜಾಗಕ್ಕೆ ಟ್ರೆಕ್ ಬಟ್ಟೇಲಿ ಹೋಗಿ ನೋಡೋದು ಸರೀನಾ? ಅಲ್ಲಿನವರಿಗೆ ನೋವಾಗಲ್ವಾ?

ಧಾರವಾಡದಾಂವ_ಸೆಂದಾಯ್:
ಈ ಪ್ರಶ್ನೆ ನೀವು ಕೇಳಿದ್ದು ಭಾಳ ಖುಷಿ ಆತ್ರಿ. ನಂಗೂ ಮೊದಲ ಸಲ ಹಂಗ ಅನಿಸಿತ್ತು. ಆದ್ರ ಈ ಟ್ರೇಲ್ ಹುಟ್ಟಿದ್ದೇ ಅದರಿಂದ. ಸುನಾಮಿ ಆದಮ್ಯಾಲೆ ಕರಾವಳಿ ಮತ್ತ ಎದ್ದು ನಿಲ್ಲಲಿ ಅಂತ ಜಪಾನಿನ ಪರಿಸರ ಇಲಾಖೆ ಊರು ಊರು ಜೋಡಿಸಿ ಮಾಡಿದ ದಾರಿ, 2019ರ ಜೂನ್‌ನ್ಯಾಗ ಪೂರ್ತಿ ತೆರೀತು. ಮಂದಿ ಬರ್ಲಿ, ನಡೀಲಿ, ಕೇಳಲಿ ಅಂತನ ಮಾಡ್ಯಾರ.

ತಾರೊದಾಗ ಸುನಾಮಿ ತಡಿಯಾಕ ಕಟ್ಟಿದ 10 ಮೀಟರ್ ಎತ್ತರದ ಗ್ವಾಡಿ ಇತ್ತು, ಎಲ್ಲಾ ಕೂಡಿ 2.4 ಕಿ.ಮೀ. ಉದ್ದ, ನೋಡಾಕ ದೂರದಿಂದ ಮಂದಿ ಬರ್ತಿದ್ರು. ಮಾರ್ಚ್ 11ಕ್ಕ ನೀರು ಅದರ ಮ್ಯಾಲಿಂದ ಹಾದು ಬಂತು. ಆ ಹೋಟೆಲ್ ಆರು ಅಂತಸ್ತಿಂದು, ಕೆಳಗಿನ ಎರಡು ಅಂತಸ್ತು ಬರೇ ಕಬ್ಬಿಣದ ಕಂಬ ಉಳದಾವ. ಮುಂಚೆ ಬುಕ್ ಮಾಡಿದ್ರ ಊರಿನ ಗೈಡ್ ಕರಕೊಂಡು ಹೋಗಿ, ಅವತ್ತು ಅದೇ ಆರನೇ ಅಂತಸ್ತಿನಿಂದ ತೆಗೆದ ವಿಡಿಯೋ ಅದೇ ಕ್ವಾಣ್ಯಾಗ ತೋರಸ್ತಾರ. ನಮ್ಮ ಗೈಡ್ ತಮ್ಮ ಮನಿ ಎಲ್ಲಿತ್ತು ಅಂತ ಬೆರಳು ಮಾಡಿ ತೋರಿಸಿದ್ರು. ನಾ ಏನ್ ಹೇಳಬೇಕೋ ತಿಳೀಲಿಲ್ಲ, ಕೈ ಮುಗದೆ. ಅವರು ನನಗೇ ಥ್ಯಾಂಕ್ಸ್ ಅಂದ್ರು, ಇಷ್ಟು ದೂರದಿಂದ ಬಂದು ಕೇಳಿದ್ರಿ ಅಂತ.

ಫುದಾಯ್ ಕತಿ ಬ್ಯಾರೆ ಐತಿ. ಅಲ್ಲಿ ವಾಮುರಾ ಕೊತೊಕು ಅಂತ ಊರಿನ ಮುಖ್ಯಸ್ಥ ಇದ್ರು, 1933ರ ಸುನಾಮಿ ಕಣ್ಣಾರೆ ಕಂಡವರು. ಇಷ್ಟು ದೊಡ್ಡದು ಯಾಕ ಬೇಕು ಅಂತ ಮಂದಿ ವಿರೋಧ ಮಾಡಿದ್ರೂ ಹಟ ಹಿಡದು 15.5 ಮೀಟರ್ ಎತ್ತರದ ಫ್ಲಡ್‌ಗೇಟ್ ಕಟ್ಟಿಸಿದ್ರು, 1984ಕ್ಕ ಮುಗೀತು. 2011ರಾಗ ಅದರ ಹಿಂದಿನ ಮನಿಗಳೆಲ್ಲ ಉಳದ್ವು. ಅದನ್ನ ನೋಡೋಕ ಅವರು ಇರ್ಲಿಲ್ಲ, ಅಷ್ಟೊತ್ತಿಗೆ ತೀರ್ಕೊಂಡಿದ್ರು. ಮೊದಲ ದಿನ ಸಂಜೀಗೆ ಆ ಗೇಟ್ ಕೆಳಗ ನಿಂತು ನೋಡ್ರಿ, ಮೂರನೇ ದಿನ ತಾರೊದ ಗ್ವಾಡಿ ನೋಡ್ರಿ. ಎರಡೂ ಕಾಲಿಂದ ನಡದು ನೋಡಿದ್ರ ಆ ಐದೂವರೆ ಮೀಟರ್ ಫರಕು ಅಂದ್ರೇನು ತಿಳೀತದ.

ಇನ್ನೊಂದು ಮಾತು ಕಲ್ತು ಹೋಗ್ರಿ: "ತೆಂದೆನ್ಕೊ". ಆ ಕರಾವಳಿ ಹಳೇ ಮಾತು. ಭೂಮಿ ಅಲುಗಿದ್ರ ಯಾರಿಗೂ ಕಾಯಬ್ಯಾಡ್ರಿ, ಅವರವರು ಎತ್ತರಕ್ಕ ಓಡ್ರಿ ಅಂತ ಅರ್ಥ. ಅಪ್ಪ ಮಗನ್ನ ಹುಡುಕೋತ, ಮಗ ಅಪ್ಪನ್ನ ಹುಡುಕೋತ ಮನಿಗೇ ಮನಿ ಹೋಗಿದ್ದಾವ ಅಲ್ಲಿ. 2025ರ ಜುಲೈಯಾಗ ರಷ್ಯಾದ ಕಮ್ಚಾಟ್ಕಾದಾಗ ಭೂಕಂಪ ಆದಾಗ ಕುಜಿ ಬಂದರಿಗೆ ಒಂದು ಮೀಟರ್ ಮ್ಯಾಲೆ ಅಲೆ ಬಂದಿತ್ತು, ಹಿಂಗಾಗಿ ಇದು ಹಳೇ ಕತಿ ಅನ್ಕೋಬ್ಯಾಡ್ರಿ. ರಾತ್ರಿ ಮಲಗೋ ಮುಂಚೆ ಎತ್ತರದ ಜಾಗಕ್ಕ ದಾರಿ ಯಾವುದು ಅಂತ ನೋಡಿಟ್ಕೋರಿ.

ಅಲೆದಾರಿ_ಬೆಂಗಳೂರು:
ಸರ್, ಇದನ್ನ ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡೋಕಾಗ್ಲಿಲ್ಲ. ಹಾಗಾದ್ರೆ ಪ್ಲಾನ್ ಇದು: ಮೊದಲ ದಿನ ಫುದಾಯ್ ಗೇಟ್, ಎರಡನೇ ದಿನ ಕಿತಾಯಾಮಾಝಾಕಿ ತನಕ, ಮೂರನೇ ದಿನ ಸುರಂಗದ ದಾರಿ ಮುಗಿಸಿ ಮಧ್ಯಾಹ್ನದ ಮೇಲೆ ರೈಲಲ್ಲಿ ತಾರೊ, ನಾಲ್ಕನೇ ದಿನ ಮಿಯಾಕೊದಿಂದ ಮೊರಿಯೊಕಾ ಬಸ್ ಹಿಡಿದು ಟೋಕಿಯೋ. ಗೈಡ್ ಬುಕ್ ಮಾಡ್ತೀನಿ. ಸರೀನಾ?

ಮೈಸೂರ್_ಚಾರಣಿ:
ಸರಿ ಇದೆ, ಆದ್ರೆ ತಾರೊ ಗೈಡ್‌ನ ನಾಲ್ಕನೇ ದಿನ ಬೆಳಿಗ್ಗೆಗೆ ಹಾಕ್ಕೊಳಿ. ಸುರಂಗದ ದಾರಿ ಮುಗಿಸಿ ಓಡೋಡ್ಕೊಂಡು ಹೋಗಬೇಡಿ, ರೈಲು ತಪ್ಪಿದ್ರೆ ಅಲ್ಲಿ ನಿಮಗೋಸ್ಕರ ಕಾಯ್ತಾ ಇರ್ತಾರೆ. ಮಿಯಾಕೊದಲ್ಲಿ ಟೈಮ್ ಉಳಿದ್ರೆ ಜೋದೊಗಹಾಮಾ ಬೀಚ್, ಬಿಳಿ ಕಲ್ಲಿನ ಸಾಲು, ನೀರು ಕೆರೆ ಥರ ಸುಮ್ನಿರತ್ತೆ. ಬೌದ್ಧ ಭಿಕ್ಷು ಒಬ್ರು ನೋಡಿ ಇದು ಸುಖಾವತಿ ಲೋಕ (ಜಪಾನಿಯಲ್ಲಿ ಜೋದೊ) ಇದ್ದಂಗಿದೆ ಅಂದಿದ್ರಂತೆ, ಹೆಸರು ಅದರಿಂದ ಬಂದಿದ್ದು.

ಧಾರವಾಡದಾಂವ_ಸೆಂದಾಯ್:
ಹೌದ್ರಿ, ಹಂಗ ಮಾಡ್ರಿ. ಸುರಂಗದ ದಾರಿ ಅಲೆ ದೊಡ್ಡದಿದ್ದಾಗ ಮುಚ್ಚಿರ್ತದ, ಮ್ಯಾಲಿನ ಬದಲಿ ದಾರಿ ಐತಿ, ಹಿಂದಿನ ದಿನಾನ ಕಿತಾಯಾಮಾಝಾಕಿಯೊಳಗ ಕೇಳ್ರಿ. ಹೋಗಿ ಬಂದಮ್ಯಾಲೆ ಇಲ್ಲೇ ಬರೀರಿ, ದಾರಿ ಈಗ ಹೆಂಗೈತಿ ಅಂತ ನಂಗೂ ತಿಳ್ಕೋಬೇಕಾಗೇತಿ.